ದುರ್ಬೀನು ಮೇಡಂ ಹೇಳಿಕೊಟ್ಟ ಉತ್ತರ

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುಳ್ಳು ಹೇಳಿದವರು ಇದರೊಳಗಿದ್ದಾರೆ, ಅದು ಬೇರೆ ಮಾತು.

"ಎಲ್ಲಿ, ನೂರರಿಂದ ಹತ್ತತ್ತು ಕಳೀತಾ ಹಿಂದಕ್ಕೆ ಎಣಿಸು ನೋಡೋಣ," ಎಂದರು ಡಾಕ್ಟರಮ್ಮ.

ಆಸ್ಪತ್ರೆಯ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಹತ್ತೊಂಬತ್ತರ ಹುಡುಗಿ "ನೂರು..." ಎಂದಳು. ಅಷ್ಟಕ್ಕೇ ನಿಂತಳು. ಡಾಕ್ಟರಮ್ಮನ ಬೆನ್ನ ಹಿಂದೆ, ಕಿಟಕಿಗೆ ಆತು ನಿಂತಿದ್ದ ತಾಯಿಯ ತುಟಿ ಸದ್ದಿಲ್ಲದೆ ಅಲ್ಲಾಡಿತು... ತೊಂ-ಬ-ತ್ತು. "ತೊಂಬತ್ತು," ಎಂದಳು ಮಗಳು. ಎಂ-ಬ-ತ್ತು. "ಎಂಬತ್ತು." ಹೀಗೆ ಹತ್ತರವರೆಗೂ ಇಳಿದರು ತಾಯಿ ಮಗಳು, ಕತ್ತಲ ಮೆಟ್ಟಿಲಲ್ಲಿ ಒಬ್ಬರ ಸೆರಗು ಒಬ್ಬರು ಹಿಡಿದು ಇಳಿದ ಹಾಗೆ. ಡಾಕ್ಟರಮ್ಮ ಹಾಳೆಯ ಮೇಲೆ ಹತ್ತಕ್ಕೆ ಹತ್ತು ಎಂದು ಬರೆದು ಪಕ್ಕದ ಕೋಣೆಗೆ ಹೋದರು.

ಆ ತಾಯಿ ಯಾರೆಂದು ಗೊತ್ತಾದರೆ ನೀವು ನಂಬಲಿಕ್ಕಿಲ್ಲ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳುವಾಕೆ. ಪರೀಕ್ಷೆಯ ಕೋಣೆಗೆ ಆಕೆ ಕಾಲಿಟ್ಟರೆ ಹುಡುಗರು ತಮ್ಮ ನೆರಳನ್ನೂ ಪಕ್ಕದ ಬೆಂಚಿಗೆ ಚಾಚುತ್ತಿರಲಿಲ್ಲ. ತೋಳಿನ ಮಡಿಕೆಯೊಳಗಿನ ಚೀಟಿ, ಬೂಟಿನೊಳಗಿನ ಚೀಟಿ, ಹೆರಳಿನೊಳಗೆ ಹೆಣೆದ ಚೀಟಿ, ಎಲ್ಲವೂ ಮೂರು ಬೆಂಚಿನಾಚೆಯಿಂದಲೇ ಕಾಣುತ್ತಿದ್ದವು. ಮಕ್ಕಳು ಇಟ್ಟ ಹೆಸರು ದುರ್ಬೀನು ಮೇಡಂ. "ಪರೀಕ್ಷೆಯಲ್ಲಿ ಹೇಳಿಕೊಡೋರು ಸ್ನೇಹಿತರಲ್ಲ, ಶತ್ರುಗಳು," ಎಂದು ಪ್ರತಿವರ್ಷ ಭಾಷಣ ಬೇರೆ! ಅಂಥ ದುರ್ಬೀನು ಮೇಡಂ ಇವತ್ತು ಸ್ವಂತ ಮಗಳಿಗೆ ಕಾಪಿ ಹೊಡೆಸುತ್ತಿದ್ದಳು. ಅದೂ ಎರಡನೆಯ ದಿನ!

ಹುಡುಗಿಗೆ ರಕ್ತದ ಕ್ಯಾನ್ಸರ್. ಹದಿನಾಲ್ಕರಲ್ಲಿ ಬಂದಿತ್ತು. ಎರಡೂವರೆ ವರ್ಷ ಕೀಮೋ ನಡೆದು, ಕೂದಲು ಹೋಗಿ ಮತ್ತೆ ಬಂದು, ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟ ಮೇಲೆ ಹಾಳಾದದ್ದು ಮರಳಿ ಬಂತು. ಆಗ ಡಾಕ್ಟರಮ್ಮ ಒಂದು ಪ್ರಯೋಗದ ವಿಷಯ ಹೇಳಿದರು. ಎರಡು ಔಷಧ. ಮೊದಲನೆಯದು, ನಮ್ಮ ರಕ್ತದಲ್ಲೇ ಇರುವ ಕಾವಲಿನ ಕಣಗಳ ಕೈಗೆ ಕಳ್ಳಕಣಗಳ ಕೊರಳಪಟ್ಟಿ ಹಿಡಿಸಿಕೊಡುವಂಥದ್ದು. ಬೆನ್ನಚೀಲದೊಳಗಿನ ಪುಟ್ಟ ಪಂಪಿನಿಂದ ಇಪ್ಪತ್ತೆಂಟು ದಿನ ಬಿಡದೆ ಹನಿಯುತ್ತದೆ. ಎರಡನೆಯದು, ಆ ಕಾವಲಿನವರ ಬ್ರೇಕು ಸಡಿಲಿಸುವಂಥದ್ದು. ಬೇರೆಬೇರೆಯಾಗಿ ಎರಡೂ ಡಾಕ್ಟರುಗಳಿಗೆ ಪರಿಚಿತವೇ. ಜೋಡಿಯಾಗಿ ಕೊಟ್ಟರೆ ಗುಣ ಹೆಚ್ಚೋ, ಗೋಳು ಹೆಚ್ಚೋ ಎಂಬುದು ಇನ್ನೂ ಯಾರಿಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವುದಕ್ಕೇ ಈ ಪ್ರಯೋಗ. ಯಾರಿಗೆ ಒಂದು, ಯಾರಿಗೆ ಎರಡು ಎಂದು ಕಂಪ್ಯೂಟರು ಚೀಟಿ ಎತ್ತಿತ್ತು. ಇವಳಿಗೆ ಎರಡು ಬಂತು.

"ಅತ್ತೆ ಸೊಸೆ ಇಬ್ರನ್ನೂ ಒಟ್ಟಿಗೆ ಒಳಗೆ ಬಿಟ್ಟ ಹಾಗೆ," ಎಂದು ಹುಡುಗಿ ನಕ್ಕಿದ್ದಳು. "ಕ್ಯಾನ್ಸರ್ ಓಡಿಹೋಗದೆ ಇನ್ನೇನು ಮಾಡುತ್ತೆ!"

ಮನೆಯಲ್ಲಿದ್ದದ್ದೂ ಅತ್ತೆ ಸೊಸೆಯೇ. ಹುಡುಗಿಯ ಅಪ್ಪ ತೀರಿಕೊಂಡು ಎಂಟು ವರ್ಷವಾದರೂ ಒಂದೇ ಸೂರಿನಡಿ ಉಳಿದವರು. ಅತ್ತೆ, ಅಂದರೆ ಅಜ್ಜಿ, ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದಾಕೆ. ಕತ್ತರಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದರೂ ನಾಲಿಗೆಯನ್ನು ಮಾತ್ರ ಜೊತೆಗೇ ತಂದಿದ್ದಳು. ಮೊಮ್ಮಗಳಿಗೆ "ಟೇಪು" ಎಂದು ಅಡ್ಡಹೆಸರಿಟ್ಟವಳೂ ಅವಳೇ, ಕೇಳಿದ್ದನ್ನೆಲ್ಲ ಹಾಗ್ಹಾಗೇ ಆಡಿ ತೋರಿಸುವ ಟೇಪು. ನರ್ಸಿನ ನಡಿಗೆ, ಡಾಕ್ಟರಮ್ಮನ ಕೆಮ್ಮು, ಲಿಫ್ಟಿನೊಳಗಿನ ಹೆಣ್ಣುದನಿ, ಯಾವುದನ್ನೂ ಬಿಟ್ಟವಳಲ್ಲ. ಹೀಗಾಗಿ ಅಜ್ಜಿಯ ಕೊರಳಲ್ಲಿ ಅಂಗಡಿ ಬಿಟ್ಟರೂ ಬಿಡದ ಒಂದು ಅಳತೆ ಟೇಪು, ಅಜ್ಜಿಯ ತೊಡೆಯ ಮೇಲೆ ಒಂದು ಟೇಪು. ಒಂದು ಅಳೆಯುತ್ತಿತ್ತು, ಇನ್ನೊಂದು ಅಣಕಿಸುತ್ತಿತ್ತು.

ತಾಯಿಗೆ ಗೊಂದಲವಾದದ್ದು ಅಲ್ಲಿಯೇ. ಈ ಔಷಧ ಕೆಲವರ ಮಿದುಳಿಗೆ ಮಂಕು ಕವಿಸಬಹುದೆಂದು ದಿನಕ್ಕೆ ಎರಡು ಸಲ ಪ್ರಶ್ನೆ ಕೇಳುತ್ತಿದ್ದರು: ಇದು ಯಾವ ವರ್ಷ, ಎಲ್ಲಿದ್ದೀಯ, ಇದಕ್ಕೇನಂತಾರೆ, ಎಣಿಸು, ಒಂದು ವಾಕ್ಯ ಬರೆ. ಎರಡನೆಯ ಔಷಧ ಏರಿಸಿದ ಮಾರನೆಯ ದಿನ, ಡಾಕ್ಟರಮ್ಮ ಇಲ್ಲದಾಗ, ಹುಡುಗಿ ಪೆನ್ನನ್ನು "ಚಮಚ" ಎಂದಳು. ಇವಳ ಆಟವೆಂದು ಎಲ್ಲರೂ ನಕ್ಕರು. ಆಮೇಲೆ ನರ್ಸನ್ನು "ಅಜ್ಜಿ" ಎಂದಳು. ಆಗಲೂ ನಕ್ಕರು. ಇದು ಆಟವೋ, ಕಾಯಿಲೆಯೋ? ಕಣ್ಣು ನೋಡಿದರೆ ಆಟದಂತಿರಲಿಲ್ಲ. ತುಟಿ ನೋಡಿದರೆ ಕಾಯಿಲೆಯಂತಿರಲಿಲ್ಲ. ತಾಯಿಗೆ ತನ್ನ ಮಗಳೇ ಅರ್ಥವಾಗದ ಭಾಷೆಯ ಪುಸ್ತಕದ ಹಾಗೆ ಕಾಣತೊಡಗಿದಳು... ಡಾಕ್ಟರಮ್ಮನನ್ನು ಕೇಳಿಯೇ ಬಿಡೋಣವೆಂದರೆ ಪ್ರಯೋಗದ ಒಪ್ಪಿಗೆ ಪತ್ರದ ಒಂದು ಸಾಲು ಅಡ್ಡ ನಿಲ್ಲುತ್ತಿತ್ತು: "ಮಿದುಳಿಗೆ ತೊಂದರೆಯ ಲಕ್ಷಣ ಕಂಡರೆ ಔಷಧವನ್ನು ನಿಲ್ಲಿಸಲಾಗುವುದು." ನಿಲ್ಲಿಸಿದರೆ ಮುಂದೇನು? ಬೇರೆ ಔಷಧವೇ ಇಲ್ಲವಲ್ಲ! ಆ ಸಾಲಿಗೆ ಬಂದು ಆಕೆಯ ಕಣ್ಣು ನಿಂತುಬಿಟ್ಟಿತ್ತು. ಪ್ರಶ್ನೆಪತ್ರಿಕೆ ಪೂರ್ತಿ ಓದಿ ಎಂದು ಬಡಿದುಕೊಳ್ಳುತ್ತಿದ್ದ ಮೇಡಂ ಮುಂದಿನ ಪುಟ ಮಗುಚಿದ್ದಳೇ ಹೊರತು ಓದಿರಲಿಲ್ಲ.

ವಾಕ್ಯ ಬರೆಯುವುದಕ್ಕೂ ಆಕೆ ದಾರಿ ಕಂಡುಕೊಂಡಿದ್ದಳು. ಹಿಂದಿನ ವಾರ, ಚೆನ್ನಾಗಿದ್ದಾಗ, ಬೇಜಾರು ಕಳೆಯಲೆಂದು ಹುಡುಗಿ ನಾಲ್ಕು ಹಾಳೆ ಹೆಚ್ಚಿಗೆ ಬರೆದಿಟ್ಟಿದ್ದಳು. "ಆಗಲೇ ಬರೆದಿದ್ದಾಳೆ ಡಾಕ್ಟ್ರೇ," ಎಂದು ತಾಯಿ ಅದರಲ್ಲೊಂದನ್ನು ನೀಡಿದಳು.

ಇದನ್ನೆಲ್ಲ ನೋಡಿದವಳು ಒಬ್ಬಳೇ. ಆ ಮಧ್ಯಾಹ್ನ ಮೊಮ್ಮಗಳು ಅಂಗಿ ಬದಲಿಸಿ ಬಂದಾಗ ಅಜ್ಜಿಯ ಕಣ್ಣು ಗುಂಡಿಗಳ ಮೇಲೆ ನಿಂತಿತು. ಮೊದಲ ಗುಂಡಿ ಎರಡನೆಯ ಕಾಜಕ್ಕೆ, ಎರಡನೆಯದು ನಾಲ್ಕನೆಯದಕ್ಕೆ. "ಬಿಚ್ಚಿ ಹಾಕ್ಕೋ ಪುಟ್ಟಿ," ಎಂದಳು. ಹುಡುಗಿ ಗುಂಡಿಯನ್ನು ಹಿಡಿದು ನೋಡುತ್ತಲೇ ಇದ್ದಳು, ಅದೇನು ಎಂದು ಕೇಳುವವಳ ಹಾಗೆ.

ಅಜ್ಜಿ ಸೊಸೆಯ ಮೊಣಕೈ ಹಿಡಿದು ಹೊರಗಿನ ಕಾರಿಡಾರಿಗೆ ಎಳೆದಳು. "ಏನೇ ನಡೀತಿದೆ ಒಳಗೆ? ಆ ಮಗುಗೆ ಕೈಯೇ ಗೊತ್ತಾಗ್ತಿಲ್ಲ. ಡಾಕ್ಟ್ರು ಬಂದ್ರೆ ಮಾತ್ರ ಗಿಳಿಯ ಹಾಗೆ ಒಪ್ಪಿಸ್ತಾಳೆ. ನಿನ್ನ ತುಟಿ ನೋಡಿದೀನಿ ನಾನು!"

"ಮೆತ್ತಗೆ ಮಾತಾಡಿ ಅತ್ತೆ... ಕೈ ಮುಗೀತೀನಿ. ಅವ್ರಿಗೆ ಗೊತ್ತಾದ್ರೆ ನಿಲ್ಲಿಸ್ತಾರೆ. ನಿಲ್ಲಿಸಿದ್ರೆ ನನ್ನ ಮಗಳು..."

"ನಿನ್ನ ಮಗಳು! ನನ್ನ ಮಗ ಎದೆನೋವು ಅಂದಾಗ್ಲೂ ಹೀಗೇ ಮುಚ್ಚಿಟ್ಟೆ. ಗ್ಯಾಸು ಅಂದೆ. ಗ್ಯಾಸು! ಅವನನ್ನ ಕಳಿಸಿದ್ದು ಸಾಲ್ದೇನೇ?"

ಎಂಟು ವರ್ಷ ಬಾಯಿಯಿಂದ ಬಾರದಿದ್ದ ಮಾತು ಬಂದುಬಿಟ್ಟಿತು. ಆ ದಿನ ಗ್ಯಾಸು ಎಂದವನು ಗಂಡನೇ, ಅಮ್ಮನಿಗೆ ಹೇಳಬೇಡ ಎಂದವನೂ ಅವನೇ. ಆದರೆ ಸತ್ತವನ ಮೇಲೆ ಹೇಗೆ ಹೊರಿಸುವುದು! "ನೀವು... ನೀವು ಏನಾದ್ರೂ ಅನ್ನಿ ಅತ್ತೆ. ಡಾಕ್ಟ್ರ ಮುಂದೆ ಬಾಯಿ ಬಿಟ್ರೆ ಮಾತ್ರ, ಈ ಜನ್ಮದಲ್ಲಿ ನಿಮ್ಮ ಮುಖ ನೋಡೋದಿಲ್ಲ," ಎಂದಷ್ಟೇ ಹೇಳಿ ಒಳಗೆ ಹೋದಳು.

ಸಂಜೆ ನಾಲ್ಕಕ್ಕೆ ಡಾಕ್ಟರಮ್ಮ ಬಂದರು. ಇದು ಯಾವ ವರ್ಷ ಎಂದರು. ತಾಯಿಯ ತುಟಿ ಅಲ್ಲಾಡಿತು. ಮಗಳ ತುಟಿಯೂ ಅಲ್ಲಾಡುವಷ್ಟರಲ್ಲಿ ಮೂಲೆಯ ಕುರ್ಚಿಯಿಂದ ಅಜ್ಜಿ ಎದ್ದು ನಿಂತಳು.

"ಡಾಕ್ಟ್ರೇ, ಈ ಹುಡುಗಿ ಕಾಪಿ ಹೊಡೀತಿದ್ದಾಳೆ! ಹಿಂದೆ ತಿರುಗಿ ನೋಡಿ. ಹೇಳಿಕೊಡೋರು ಅಲ್ಲಿದ್ದಾರೆ!"

ಕೋಣೆಯಲ್ಲಿ ಪಂಪಿನ ಸದ್ದೊಂದೇ. ಡಾಕ್ಟರಮ್ಮ ತಿರುಗಿದರು. ಇಪ್ಪತ್ತೆರಡು ವರ್ಷ ಬೇರೆಯವರ ಮುಖದ ಮೇಲೆ ನೋಡಿದ್ದ ಆ ಬಿಳಿಚಿದ ಬಣ್ಣ ಈಗ ಮೇಡಂ ಮುಖದ ಮೇಲೆ ತಾನೇ ಬಂದು ಕೂತಿತ್ತು. "ಮೇಡಂ, ನೀವು ಸ್ವಲ್ಪ ಹೊರಗಿರಿ," ಎಂದರು ಡಾಕ್ಟರಮ್ಮ. ಬಾಗಿಲು ಮುಚ್ಚಿತು. ಒಳಗೆ ನೂರು ಎಂಬ ಒಂದು ಮಾತು ಕೇಳಿಸಿತು. ಆಮೇಲೆ ಏನೂ ಇಲ್ಲ... ಏನೂ ಇಲ್ಲ... ಆಮೇಲೆ ನರ್ಸಿನ ಓಡುವ ಹೆಜ್ಜೆ. ಪಂಪಿನ ಸದ್ದು ನಿಂತಿತು!

"ಕೊಂದ್ರಿ! ನನ್ನ ಮಗಳನ್ನ ಕೊಂದ್ರಿ ನೀವು!" ಹೊರಬಂದ ಅತ್ತೆಯ ಭುಜ ಹಿಡಿದು ಆಕೆ ಅಲುಗಾಡಿಸಿದಳು. ಮುದುಕಿ ಬಿಡಿಸಿಕೊಳ್ಳಲಿಲ್ಲ.

ಅರ್ಧ ಗಂಟೆಯ ಮೇಲೆ ಡಾಕ್ಟರಮ್ಮ ಬಂದು ಪಕ್ಕದಲ್ಲಿ ಕೂತರು. ಗದರಲಿಲ್ಲ. ಅದರಿಂದಲೇ ತಾಯಿಗೆ ಹೆಚ್ಚು ನೋವಾಯಿತು. "ಮೇಡಂ, ನಿಲ್ಲಿಸೋದು ಅಂದ್ರೆ ಹೊರಗೆ ಹಾಕೋದಲ್ಲ. ಮಿದುಳಿನ ಊತ ಇಳಿಸೋ ಔಷಧ ಕೊಟ್ಟಿದ್ದೀವಿ. ಮಂಕು ಪೂರ್ತಿ ಬಿಟ್ಟು ಮೂರು ದಿನವಾದ್ರೆ, ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಬಹುದು. ಮುಂದಿನ ಪುಟದಲ್ಲಿ ಬರೆದಿತ್ತಲ್ಲ... ನಾಳೆವರೆಗೂ ಮುಚ್ಚಿಟ್ಟಿದ್ರೆ ಫಿಟ್ಸ್ ಬರ್ತಿತ್ತು. ಆಮೇಲೆ ಏನಾಗ್ತಿತ್ತೋ ನಾನು ಹೇಳಲಾರೆ. ಇವಳೊಬ್ಬಳ ಮಾತೂ ಅಲ್ಲ. ಈ ಜೋಡಿ ಔಷಧ ಎಷ್ಟು ಸುರಕ್ಷಿತ ಅಂತ ಇವಳ ಉತ್ತರದಿಂದಲೇ ನಾವು ಕಲೀಬೇಕು. ಇವಳ ಹಿಂದೆ ಇನ್ನೂ ಎಷ್ಟೋ ಮಕ್ಕಳಿದ್ದಾರೆ."

ಆಕೆ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತುಬಿಟ್ಟಳು. ಎಂದೋ ಒಂದು ದಿನ ಪರೀಕ್ಷೆಯಲ್ಲಿ ತಾನು ಚೀಟಿ ಸಮೇತ ಹಿಡಿದ ಹುಡುಗಿಯೊಬ್ಬಳು "ಮಿಸ್, ಭಯವಾಯ್ತು ಮಿಸ್" ಎಂದು ಅತ್ತಿದ್ದಳು. ಭಯ ಒಂದು ಕಾರಣವೇ ಎಂದು ಆಗ ಕೇಳಿದ್ದಳು ಮೇಡಂ! ಪಕ್ಕದಲ್ಲಿ ಯಾರೋ ಕೂತ ಹಾಗಾಯಿತು. ಅತ್ತೆ. ಮಂಡಿನೋವಿನ ಅತ್ತೆ, ನೆಲದ ಮೇಲೆ.

"ಗ್ಯಾಸು ಅಂದಿದ್ದು ಅವನೇ ಅಲ್ವಾ?" ಎಂದಳು ಮುದುಕಿ ಮೆಲ್ಲಗೆ. "ನಂಗೊತ್ತು ಕಣೇ. ಚಿಕ್ಕಂದಿನಿಂದ ಸುಳ್ಳ ಅವನು, ನೋವಿದ್ರೆ ಹೇಳ್ತಿರಲಿಲ್ಲ. ನಿನ್ನನ್ನ ಬೈದ್ರೆ ಅವನನ್ನ ಬೈಯೋದು ತಪ್ಪುತ್ತಲ್ಲ, ಅದಕ್ಕೆ..." ಸೊಸೆ ಅತ್ತೆಯ ಹೆಗಲ ಮೇಲೆ ತಲೆ ಇಟ್ಟಳು. ಎಂಟು ವರ್ಷಕ್ಕೆ ಮೊದಲ ಸಲ.

ಎರಡು ದಿನಕ್ಕೆ ಮಂಜು ಪೂರ್ತಿ ಕರಗಿತು. ಹುಡುಗಿ ಪೆನ್ನನ್ನು ಪೆನ್ನು ಎಂದಳು, ನರ್ಸನ್ನು ನರ್ಸು ಎಂದಳು, ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಂಡಳು. ಆಮೇಲೆ ತಾಯಿಯನ್ನು ಹತ್ತಿರ ಕರೆದಳು.

"ಅಮ್ಮ, ಆವತ್ತು ನೀನು ಏನು ಹೇಳಿಕೊಡ್ತಿದ್ದೀಯ ಅಂತ್ಲೇ ನಂಗೆ ಗೊತ್ತಿರಲಿಲ್ಲ. ಎಲ್ಲ ಹೊಗೆ ಹೊಗೆ. ನಿನ್ನ ತುಟಿ ಆಡೋದು ಮಾತ್ರ ಕಾಣ್ತಿತ್ತು. ಅದನ್ನ ಮಿಮಿಕ್ರಿ ಮಾಡ್ತಿದ್ದೆ ಅಷ್ಟೆ... ನಾನು ಒಳಗಿಂದ ಕೂಗ್ತಿದ್ದೆ ಅಮ್ಮ, ನೀನು ಹೊರಗಿಂದ ಬಾಯಿ ಮುಚ್ತಿದ್ದೆ."

"ತಪ್ಪಾಯ್ತು ಪುಟ್ಟಿ," ಎಂದಳು ತಾಯಿ. ಮಗಳು ತಲೆಯಾಡಿಸಿದಳು. ಕ್ಷಮಿಸಿದಳೋ, ಸುಮ್ಮನೆ ದಣಿದಿದ್ದಳೋ, ತಾಯಿಗೆ ತಿಳಿಯಲಿಲ್ಲ.

ಮಂಕು ಬಿಟ್ಟು ಮೂರು ದಿನ ಕಳೆದ ಬೆಳಗ್ಗೆ ಪಂಪು ಮತ್ತೆ ಹೊರಟಿತು, ಕಡಿಮೆ ಪ್ರಮಾಣದಲ್ಲಿ. ಎರಡನೆಯ ಔಷಧ ಮತ್ತೆ ಕೊಡುವುದೋ ಬೇಡವೋ ಇನ್ನೂ ತೀರ್ಮಾನವಾಗಿರಲಿಲ್ಲ. ಸಂಜೆ ಡಾಕ್ಟರಮ್ಮ ಬಂದಾಗ ತಾಯಿ, ಯಾರೂ ಹೇಳದಿದ್ದರೂ, ತಾನೇ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು, ಹೋಮ್‌ವರ್ಕ್ ಮಾಡದ ಹುಡುಗಿಯ ಹಾಗೆ.

"ಇದು ಯಾವ ವರ್ಷ?"

ಉತ್ತರವಿಲ್ಲ.

"ಸರಿ, ನೂರರಿಂದ ಹಿಂದಕ್ಕೆ ಎಣಿಸು."

"ನೂರು..." ಮತ್ತೆ ಅದೇ ಮೌನ! ತಾಯಿ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದಳು. ತೊಂಬತ್ತು, ತೊಂಬತ್ತು, ತೊಂಬತ್ತು ಎಂದು ಎದೆ ಬಡಿದುಕೊಳ್ಳುತ್ತಿತ್ತು. ತಿರುಗಿದರೆ ಸಾಕು, ಒಂದೇ ಒಂದು ಸಲ ತುಟಿ ಆಡಿಸಿದರೆ ಸಾಕು, ಪಂಪು ಓಡುತ್ತದೆ... ಇನ್ನೊಂದು ಸಲ ನಿಂತರೆ ಮತ್ತೆ ಶುರುವಾಗುವುದೋ ಇಲ್ಲವೋ ಯಾರು ಬಲ್ಲರು! ಕಣ್ಣು ಮುಚ್ಚಿದಳು. ತಿರುಗಲಿಲ್ಲ.

"ನಿಲ್ಲಿಸಿಬಿಡಿ ಡಾಕ್ಟ್ರೇ," ಎಂದಳು ಗೋಡೆಗೇ. "ಅವಳಿಗೆ ಗೊತ್ತಾಗ್ತಿಲ್ಲ. ಪಂಪು... ಪಂಪು ನಿಲ್ಲಿಸಿ."

ನರ್ಸು ಪಂಪಿನತ್ತ ಕೈ ಚಾಚಿದಳು.

"ತೊಂಬತ್ತು ಎಂಬತ್ತು ಎಪ್ಪತ್ತು ಅರವತ್ತು ಐವತ್ತು ನಲವತ್ತು ಮೂವತ್ತು ಇಪ್ಪತ್ತು ಹತ್ತು!" ಒಂದೇ ಉಸಿರಿಗೆ ಹೇಳಿ, ವರ್ಷವನ್ನೂ ಹೇಳಿ, ಹುಡುಗಿ ಎರಡೂ ಕೈಯಿಂದ ಚಪ್ಪಾಳೆ ತಟ್ಟಿದಳು. "ಅಮ್ಮ ಪಾಸು! ಇವತ್ತಿನ ಪರೀಕ್ಷೆ ನಿಂದಾಗಿತ್ತು ಅಮ್ಮ, ನಂದಲ್ಲ!"

"ಏಯ್!" ಡಾಕ್ಟರಮ್ಮನ ಮುಖ ಕೆಂಪೇರಿತು. "ಇನ್ನೊಂದ್ಸಲ ಹೀಗೆ ಆಡಿದ್ರೆ ನಿನ್ನ ಬಾಯಿಗೇ ಪಂಪು ಹಾಕ್ತೀನಿ! ನನ್ನ ಜೀವ ಹೋಗಿ ಬಂತು!"

"ತಪ್ಪಾಯ್ತು ಡಾಕ್ಟ್ರೇ, ಇನ್ನು ಆಡಲ್ಲ. ಇದೊಂದ್ಸಲ ನಂಗೆ ಗೊತ್ತಾಗಬೇಕಿತ್ತು," ಎಂದಳು ಹುಡುಗಿ. ಆಟದ ದನಿಯಾಗಿರಲಿಲ್ಲ ಅದು. "ನಾನು ಮತ್ತೆ ಆ ಹೊಗೆಯೊಳಗೆ ಹೋದ್ರೆ, ನನ್ನ ಪರವಾಗಿ ನಿಜ ಹೇಳೋರು ಯಾರಾದ್ರೂ ಇದ್ದಾರಾ ಅಂತ."

ಅಜ್ಜಿಗೆ ಬೈಯಬೇಕೋ ಮುದ್ದಿಸಬೇಕೋ ತಿಳಿಯಲಿಲ್ಲ. ಎರಡನ್ನೂ ಒಟ್ಟಿಗೆ ಮಾಡಹೋಗಿ ಬಿಕ್ಕಳಿಸಿದಳು. ನರ್ಸು ಬಾಯಿಗೆ ಕೈ ಅಡ್ಡ ಹಿಡಿದಳು. ಆಗ ಗೋಡೆಯ ಕಡೆಯಿಂದ ಒಂದು ಸದ್ದು ಬಂತು. ಅಳು ಎಂದೇ ಎಲ್ಲರೂ ತಿಳಿದರು. ದುರ್ಬೀನು ಮೇಡಂ ತಿರುಗಿದಳು. ಕೆನ್ನೆಯೆಲ್ಲ ಒದ್ದೆ, ಮೂಗಿನ ತುದಿಗೆ ಸುಣ್ಣ. ಹೊಟ್ಟೆ ಹಿಡಿದುಕೊಂಡು ಅವಳು ನಗುತ್ತಿದ್ದಳು, ಪಕ್ಕದ ಕೋಣೆಯ ರೋಗಿಗಳು ಬಾಗಿಲಿಗೆ ಬಂದು ಇಣುಕುವಷ್ಟು ಜೋರಾಗಿ.