ದೇವರಾಜ ಬರೆದ ಆಟ

"ಆಟ ಬೇಕಾದ್ರೆ ತಗೊಂಡ್ ಹೋಗಪ್ಪ. ಅದ್ರಲ್ಲಿರೋ ನನ್ನ ಮಗನ ಹೆಸರು ಮಾತ್ರ ಮುಟ್ಬೇಡ," ಎಂದರು ನಾಗಲಕ್ಷ್ಮಮ್ಮ.

"ಮುಟ್ಟಿದ್ರೆ?" ಹಳೇ ಆಟಗಳನ್ನು ಹುಡುಕಿ ಫೋನಿಗೆ ಇಳಿಸುತ್ತಿದ್ದ ಸುಶ್ರುತ ನಕ್ಕ.

ಜರಗನಹಳ್ಳಿಯ ಆ ಮುಚ್ಚಿದ ವಿಡಿಯೋ ಗೇಮ್ ಅಂಗಡಿಯಲ್ಲಿ ಇಲಿ ಹಿಕ್ಕೆಯ ನಾತ, ಅದರ ಮೇಲೆ ಸಾಂಬ್ರಾಣಿಯ ಘಾಟು. ಮೂಲೆಯಲ್ಲಿದ್ದ ಹಳೇ ಕಂಪ್ಯೂಟರಿಗೆ ಕರಿ ದಾರ ಸುತ್ತಿ, ಮೊಳೆ ಚುಚ್ಚಿದ ನಿಂಬೆಹಣ್ಣು ಕಟ್ಟಿದ್ದರು. ಒಳಗೆ ಆಕೆಯ ಮಗ ದೇವರಾಜ ಬರೆದ ಆಟವಿತ್ತು. ಗೂಳಿಯೊಂದು ಅಟ್ಟಿಸಿಕೊಂಡು ಬರುತ್ತದೆ, ಜರಗನಹಳ್ಳಿಯ ಗಲ್ಲಿಗಳಲ್ಲಿ ತಪ್ಪಿಸಿಕೊಂಡು ಓಡಬೇಕು. ಆಟ ಮುಗಿಸಿದ ವರ್ಷವೇ ದೇವರಾಜ ಜ್ವರ ಬಂದು ತೀರಿಕೊಂಡಿದ್ದ.

"ಮಂತ್ರವಾದಿ ಕೈಲಿ ಅವನನ್ನ ಇದ್ರೊಳಗೇ ಇರಿಸ್ಕೊಂಡಿದೀನಿ. ಹೆಸರು ಅಳಿಸಿದ್ರೆ, ಅಳಿಸಿದೋನ್ನ ಹುಡ್ಕೊಂಡ್ ಬರ್ತಾನೆ."

"ಆಂಟಿ, ಈ ಪೆಟ್ಟಿಗೆ ಇವತ್ತೋ ನಾಳೆಯೋ ಕೆಟ್ಟೋಗತ್ತೆ. ಎಮ್ಯುಲೇಟರ್ ಹಾಕಿದ್ರೆ ನನ್ನ ಫೋನು ತಾನೇ ಈ ಹಳೇ ಪೆಟ್ಟಿಗೆ ಅಂದ್ಕೊಳ್ಳತ್ತೆ. ಒಳಗಿರೋದು ಅದೇ, ಪೆಟ್ಟಿಗೆ ಮಾತ್ರ ಬೇರೆ."

ಆ ಕೊನೆಯ ಮಾತನ್ನು ಆಕೆ ಬಾಯೊಳಗೇ ಒಮ್ಮೆ ಹೇಳಿಕೊಂಡರು. "ಹೆಸರು ಇರತ್ತೆ ತಾನೆ?"

"ನಿಮ್ಮಾಣೆ!"

ಎಲುಬಿಲ್ಲದ ನಾಲಿಗೆ, ಆಣೆ ಸಲೀಸಾಗಿ ಹೊರಳಿತು.

ಜೆ.ಪಿ. ನಗರದ ತನ್ನ ಮನೆಯಲ್ಲಿ ಕಣ್ಣು ಕೆಂಪಾಗುವವರೆಗೆ ಕೂತು ಆಟವನ್ನು ಫೋನಿಗೆ ಇಳಿಸಿದ. ಮೊದಲ ಪರದೆಯಲ್ಲಿ 'ಬರೆದವನು: ದೇವರಾಜ' ಎಂದಿತ್ತು. ಬೆವರು ನನ್ನದು, ಹೆಸರು ಸತ್ತವನದೇ? ಅಳಿಸಿದ. 'ಸುಶ್ರುತ' ಎಂದು ಬರೆದು ಬಿಡುಗಡೆ ಮಾಡಿದ.

ಆಟ ಹಬ್ಬಿತು. "ಸಖತ್ ಗುರು, ಹೆಂಗ್ ಬರೆದೆ?" ಎಂದು ಗೆಳೆಯರು ಬೆನ್ನು ತಟ್ಟಿದಾಗಲೆಲ್ಲ ಆ ಮುದುಕಿಯ ಮುಖ ಕಣ್ಣೆದುರು ಬಂತು. ನಾಚಿಕೆಯಾಯಿತು. ಆದರೂ 'ಥ್ಯಾಂಕ್ಸ್' ಎನ್ನುವುದನ್ನು ಬಿಡಲಿಲ್ಲ.

ಒಂದು ಮಧ್ಯಾಹ್ನ ಹೆಂಡತಿ ವಿಭಾ ಒಳಗಿನಿಂದ ಕೂಗಿದಳು: "ದೇವರಾಜ್, ಊಟಕ್ಕೆ ಬಾ."

"ಏನಂದೆ?"

"ನಿನ್ನ ಹೆಸರೇ ಅಲ್ವಾ?"

ಪರ್ಸಿನಿಂದ ಲೈಸೆನ್ಸು ತೆಗೆದ. ಫೋಟೋ ಅವನದೇ. ಹೆಸರು ದೇವರಾಜ. ತೊಟ್ಟ ಅಂಗಿಯಿಂದ ಸಾಂಬ್ರಾಣಿಯ ವಾಸನೆ ಏಳುತ್ತಿತ್ತು.

ಆಟ ತೆರೆದು ತನ್ನ ಹೆಸರು ಅಳಿಸಿದ. 'ದೇವರಾಜ' ಎಂದು ಬರೆದ. ಮತ್ತೆ ತೆರೆದರೆ 'ಬರೆದವನು: ಸುಶ್ರುತ'. ಮತ್ತೆ ಅಳಿಸಿದ. ಮತ್ತೆ ಅದೇ.

"ವಿಭಾ, ನಾನೊಂದು ತಪ್ಪು ಮಾಡಿದೀನಿ ಕಣೆ..."

ವಿಭಾ ಹಿಂದೆ ಸರಿದಳು. "ಯಾರ್ರೀ ನೀವು? ಒಳಗೆ ಹೆಂಗ್ ಬಂದ್ರಿ?"

ಓಡಿದ. ಕನಕಪುರ ರಸ್ತೆಯ ಬಸ್ಸುಗಳ ನಡುವೆ ನುಗ್ಗಿದ. ಹಿಂದೆ ಗೊರಸಿನ ಸದ್ದು. ತಿರುಗಿದ. ಯಾರೂ ಇಲ್ಲ. ಮತ್ತೆ ಗೊರಸು. ಹತ್ತಿರ. ಇನ್ನೂ ಹತ್ತಿರ. ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ. ಜರಗನಹಳ್ಳಿಯ ಈ ಒಳಗಲ್ಲಿಗಳಲ್ಲಿ ಅವನೆಂದೂ ನಡೆದಿರಲಿಲ್ಲ. ಕಾಲಿಗೆ ಎಲ್ಲ ಗೊತ್ತಿತ್ತು. ಅಂಗಡಿಯ ಬಾಗಿಲು ತೆರೆದೇ ಇತ್ತು.

ಕರಿ ದಾರ ಹರಿದು ನೆಲಕ್ಕೆ ಬಿದ್ದಿತ್ತು. ನಾಗಲಕ್ಷ್ಮಮ್ಮ ಎರಡು ತಟ್ಟೆ ಹಾಕಿಕೊಂಡು ಕೂತಿದ್ದರು. ಒಂದರಲ್ಲಿ ಬಿಸಿ ಮುದ್ದೆ ಹೊಗೆಯಾಡುತ್ತಿತ್ತು.

ತಪ್ಪಾಯ್ತು ಆಂಟಿ, ನಾನು ಸುಶ್ರುತ, ಎನ್ನಬೇಕೆಂದಿದ್ದ. ಆಕೆ ಎದ್ದು ಬಂದು ಅವನ ಕೆನ್ನೆ ಸವರಿದರು. ಕಣ್ಣಲ್ಲಿ ನೀರು.

"ಪೆಟ್ಟಿಗೆ ಮಾತ್ರ ಬೇರೆ," ಎಂದರು. "ಈ ಪೆಟ್ಟಿಗೆ ಹೆತ್ತೋಳು ನನ್ನ ಕ್ಷಮಿಸ್ಲಿ."

ಅವರ ಹಿಂದೆ ಹಳೇ ಕಂಪ್ಯೂಟರ್ ತಾನಾಗಿಯೇ ಚಾಲೂ ಆಗಿತ್ತು. ಪರದೆಯ ಮೇಲೆ 'ಸುಶ್ರುತ' ಎಂಬ ಹೆಸರು. ಅದರ ಕೆಳಗೆ ಪುಟ್ಟ ಮನುಷ್ಯನೊಬ್ಬ ಗೂಳಿಯ ಮುಂದೆ ಓಡುತ್ತಿದ್ದ.

ಬಾಗಿಲಲ್ಲಿ ನಿಂತವನು ಬಾಯಿ ತೆರೆದ.

"ಅಮ್ಮಾ, ಹಸಿವಾಗ್ತಿದೆ."