ಡೌಟ್‌ಫುಲ್ ಅಂದಿದ್ದಕ್ಕೆ

"ನನ್ನನ್ನ ಮದುವೆ ಆಗ್ತೀರಾ?" ಎಂದು ಭಟ್ಟಿಯಲ್ಲಿ ಕಪ್ ಸುಡುವವನು ಕೇಳಿದಾಗ ಅವಳ ಕೈಯಲ್ಲೊಂದು ಟೀ ಕಪ್ ಇತ್ತು. ಪಿಂಗಾಣಿ ಕಾರ್ಖಾನೆಯಲ್ಲಿ ಅವಳ ಕೆಲಸವೇ ಅದು: ಸುಟ್ಟು ಬಂದ ಕಪ್ಪನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಒಳಗೆಲ್ಲಾದರೂ ಬಿರುಕಿದೆಯೇ ಎಂದು ಹೇಳುವುದು. ಅವಳು ಕಪ್ಪನ್ನು ತಟ್ಟಿದಳು, ಅವನ ಮುಖ ನೋಡಿದಳು. "ಡೌಟ್‌ಫುಲ್" ಎಂದಳು.

ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಕಿವಿಯವರೆಗೂ ಕೆಂಪೇರಿದ್ದವನು ಸಪ್ಪೆ ಮೋರೆ ಹಾಕಿಕೊಂಡು ಹೊರಟುಹೋದ.

ಅವಳಿಗೆ ನಗುವೂ ಬರಲಿಲ್ಲ, ಅಯ್ಯೋ ಪಾಪ ಅನ್ನಿಸಲೂ ಇಲ್ಲ. ಅಮ್ಮ ತೀರಿಕೊಂಡ ಮೇಲೆ ಮನಸ್ಸು ಮರಗಟ್ಟಿತ್ತು. ಯಾರು ಏನಂದರೂ ಪಕ್ಕದ ಮನೆಯ ರೇಡಿಯೋ ಕೇಳಿದ ಹಾಗೆ. ಅವನು ಒಳ್ಳೆಯವನೆಂದು ಗೊತ್ತಿತ್ತು. ಟ್ರೇ ಇಡುವಾಗ ಬೇಕೆಂದೇ ತಡಮಾಡಿ ಓರೆಗಣ್ಣಿನಲ್ಲಿ ನೋಡುತ್ತಾನೆಂದೂ ಗೊತ್ತಿತ್ತು. ಇಷ್ಟವೋ ಇಲ್ಲವೋ, ಅದೊಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ವಾರ ಕಳೆಯುವಷ್ಟರಲ್ಲಿ, ಪ್ಯಾಕಿಂಗ್‌ನಲ್ಲಿದ್ದ ಅವಳ ಅತ್ತಿಗೆ ಓಡಿಬಂದಳು. "ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ಆ ಭಟ್ಟಿಯವರು ಕೆಲಸ ಬಿಟ್ಟು ಮೊದಲಿದ್ದ ಕಾರ್ಖಾನೆಗೇ ಹೊರಟಿದ್ದಾರೆ. ಅಲ್ಲಿ ಡೌಟ್‌ಫುಲ್ ಕಪ್ ಬಂದ್ರೆ ಅಲ್ಲೇ ನೆಲಕ್ಕೆ ಹೊಡೆದು ಒಡೀತಾರಂತೆ ಕಣೇ!"

ಅವಳ ಕೈ ನಿಂತಿತು. ಇಲ್ಲಿ ಡೌಟ್‌ಫುಲ್ ಎಂದರೆ ಮೂಲೆಯ ಕಪಾಟು. ಬಿಸಿನೀರು ತುಂಬಿಸಿಟ್ಟು, ಮರುದಿನ ಮತ್ತೆ ತಟ್ಟಿ ನೋಡುತ್ತಾರೆ. ಹೆಚ್ಚಿನವು ಪಾಸಾಗುತ್ತವೆ. ಅವನು ಸೇರಿ ಕೆಲವೇ ತಿಂಗಳು. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಗೇಟಿನ ಬಳಿ ಚೀಲ ಹಿಡಿದು ನಿಂತಿದ್ದವನು ಅವಳನ್ನು ಕಂಡು, "ಬಿಡಿ, ನಿಮ್ಮ ತಪ್ಪೇನಿಲ್ಲ" ಎಂದ.

"ನಾನು ಬೇಡ ಅಂದಿಲ್ಲ ರೀ. ಇಲ್ಲಿ ಡೌಟ್‌ಫುಲ್ ಅಂದ್ರೆ ನಾಳೆ ಮತ್ತೆ ನೋಡೋಣ ಅಂತ."

ಅವನ ಕಣ್ಣರಳಿತು. "ಹಾಗಾದ್ರೆ ಇಷ್ಟಾನಾ?"

"ಅದೂ ಗೊತ್ತಿಲ್ಲ. ಅಮ್ಮ ಹೋದಾಗಿಂದ ನನಗೇನೂ ಅನ್ನಿಸ್ತಾನೇ ಇಲ್ಲ. ನನಗೆ ಡೌಟಿರೋದು ನನ್ನ ಮೇಲೇನೇ. ಒಳಗೆ ಏನಾದ್ರೂ ಉಳಿದಿದೆಯೋ ಇಲ್ವೋ ಅಂತ."

"ಕಾಯ್ಲಾ?"

"ಕಾಯಿರಿ ಅನ್ನೋಕೆ ನಾನ್ಯಾರು? ಹೋಗ್ಬೇಡಿ, ಅಷ್ಟೇ."

ಅವನು ಚೀಲ ಕೆಳಗಿಟ್ಟ. ಬೇರೇನೂ ತೋಚದೆ, "ಊಟ ಆಯ್ತಾ?" ಎಂದು ಕೇಳಿದ.

"ಇಲ್ಲ" ಎಂದಳು. ಆಮೇಲೆ ತನಗೇ ಆಶ್ಚರ್ಯವಾದವಳಂತೆ ಅವನತ್ತ ತಿರುಗಿ, "ಹಸಿವಾಗ್ತಿದೆ ರೀ" ಎಂದಳು. ಅಮ್ಮ ಹೋದ ಮೇಲೆ ಆ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.