ಕಾರಣ ಬೇಕಾದ ಕ್ರಿಯಾಪದ

"ಕೊನೆಯವರು ಯಾರು?"

ಒಡಾಲ್ಮಿಸ್ ತಿರುಗಿ ನೋಡಿದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಒಬ್ಬ ಯುವಕ ಅವಳನ್ನೇ ನೋಡುತ್ತಿದ್ದ.

"ನಾನೇ," ಎಂದಳು.

"ಹಾಗಾದ್ರೆ ನಿಮ್ಮ ಹಿಂದೆ ನಾನು."

ಅಂಗಡಿಗೆ ಕೋಳಿ ಬಂದಿದೆಯೆಂಬ ಸುದ್ದಿಗೆ ಅರ್ಧ ಹೊಲ್ಗಿನ್ ಪಟ್ಟಣವೇ ಅಲ್ಲಿ ಸೇರಿತ್ತು. ಸಾಲಿನಲ್ಲಿ ಕೊನೆಯವರು ಯಾರೆಂದು ಕೇಳಿ, ಮುಖ ನೆನಪಿಟ್ಟುಕೊಂಡು, ಹೋಗಿ ನೆರಳಲ್ಲಿ ಕೂರುವುದು ನಮ್ಮ ಕ್ಯೂಬಾದವರ ಪದ್ಧತಿ. ಈ ಪುಣ್ಯಾತ್ಮ ಮಾತ್ರ ಒಂದೂವರೆ ಗಂಟೆ ಬಿಸಿಲಲ್ಲಿ ಅವಳ ಹಿಂದೆಯೇ ನಿಂತಿದ್ದ. ಹೆಸರು ಓಸ್ನಿಯೆಲ್, ಕೆಲಸ ಫ್ಯಾನ್ ರಿಪೇರಿ. ಅವಳು ಇಂಗ್ಲಿಷ್ ಟೀಚರ್ ಎಂದು ತಿಳಿದ ಮರುವಾರವೇ ಸಂಜೆಯ ತರಗತಿಯಲ್ಲಿ ಹಾಜರ್!

ಇಂಗ್ಲಿಷ್ ಕಲಿಯುವವರು ಯಾಕೆ ಕಲಿಯುತ್ತಾರೆಂದು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ. ಚೆನ್ನಾಗಿ ಕಲಿತವರೆಲ್ಲ ದೇಶ ಬಿಟ್ಟು ಹೋಗಿದ್ದರು. ಅವಳ ಗೆಳತಿ ಹೋದಳು, ತಮ್ಮ ಹೋದ. ಇಬ್ಬರಿಗೂ ಕಲಿಸಿದವಳು ಇವಳೇ. 'ನನ್ನವರನ್ನು ನಾನೇ ಕೈಯಾರೆ ಕಳಿಸಿಕೊಡ್ತಿದ್ದೀನಿ...' ಎಂದು ಎಷ್ಟೋ ಸಲ ಅತ್ತಿದ್ದಳು. ಆದರೆ ಕಲಿಸದೆ ಇನ್ನೇನು ಮಾಡಿಯಾಳು?

ಒಂದು ಸಂಜೆ ಬೋರ್ಡಿನ ಮೇಲೆ 'ಎಕ್ಸ್‌ಪೆಕ್ಟ್' ಎಂದು ಬರೆದಳು. ಕಾಯುವುದು, ಆಸೆಪಡುವುದು, ನಿರೀಕ್ಷಿಸುವುದು, ಎಲ್ಲಕ್ಕೂ ಸ್ಪ್ಯಾನಿಷ್‌ನಲ್ಲಿ ಒಂದೇ ಪದ. ಹಾಗಾಗಿ ತರಗತಿಗೆ ತರಗತಿಯೇ ಗೊಂದಲದಲ್ಲಿ ಬಿತ್ತು.

"ಆಸೆಪಡೋಕೆ ಕಾರಣ ಬೇಕಿಲ್ಲ," ಎಂದಳು. "ಆದ್ರೆ ಈ ಕ್ರಿಯಾಪದ ಬಳಸ್ಬೇಕು ಅಂದ್ರೆ, ಆಗೇ ಆಗತ್ತೆ ಅಂತ ನಂಬೋಕೆ ಏನಾದ್ರೂ ಕಾರಣ ಇರ್ಬೇಕು. ಪೋಸ್ಟ್ ಹಾಕಿದ ಕಾಗದ, ಹೊರಟಿರೋ ಬಸ್ಸು, ಹೀಗೆ."

ಓಸ್ನಿಯೆಲ್ ನಕ್ಕ. ಅವಳೂ ನಕ್ಕಳು. ಅಂದಿನಿಂದ ಅವನು ಅವಳನ್ನು ಮನೆವರೆಗೆ ಬಿಟ್ಟು ಬರತೊಡಗಿದ.

ಒಂದು ಮಂಗಳವಾರ ಬೆಳಿಗ್ಗೆ ಪಾಸ್‌ಪೋರ್ಟ್ ಕಚೇರಿಯ ಮುಂದೆ ಹಾದುಹೋಗುವಾಗ ಅವಳ ಕಾಲು ನಿಂತುಹೋಯಿತು. ಆ ಉದ್ದನೆಯ ಸಾಲಿನಲ್ಲಿ ಓಸ್ನಿಯೆಲ್! ಕೊನೆಯವನು ತಾನೇ ಎಂದು ಯಾರಿಗೋ ಹೇಳುತ್ತಿದ್ದ.

'ಇವನೂ... ಇವನೂ ಹೊರಟ.'

ನಮ್ಮೂರಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ಸಾಲಿನಲ್ಲಿ ಜಾಗ ಹಿಡಿಯುವುದು ನಿತ್ಯದ ಮಾತು. ಹುಟ್ಟಿದಾಗಿನಿಂದ ಸಾಲಿನಲ್ಲಿ ನಿಂತವಳಿಗೆ ಅಷ್ಟೂ ಹೊಳೆಯಲಿಲ್ಲ. ಪ್ರೀತಿಸುವವರ ಬುದ್ಧಿಯೇ ಹೀಗೆ, ಕೆಟ್ಟದ್ದನ್ನು ಮೊದಲು ನಂಬುತ್ತದೆ.

ಅಂದು ಸಂಜೆ ಅವನು ಎದ್ದು ನಿಂತು, ಟೀಚರ್ ಇವತ್ತು ನಗುತ್ತಾರೆಂದು ನಿರೀಕ್ಷಿಸುತ್ತೇನೆ ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಹೇಳಿದ. ಎಲ್ಲರೂ ನಕ್ಕರು.

"ಅದಕ್ಕೆ ಕಾರಣ ಬೇಕು," ಎಂದಳು ಒಡಾಲ್ಮಿಸ್. "ನಿಮ್ಮ ಹತ್ರ ಇಲ್ಲ."

ಅವನ ಮುಖ ಬಾಡಿತು. ಅವಳು ಬೋರ್ಡಿನ ಕಡೆ ತಿರುಗಿ ಮುಂದಿನ ಪದ ಬರೆದಳು.

ಶನಿವಾರ ಅವಳು ಮನೆ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಾಗ ಅವನು ಬಂದು ಎದುರಿಗೆ ನಿಂತ. ಏನು ತಪ್ಪು ಮಾಡಿದೆನೆಂದು ಕೇಳಿದ. ಅವಳು ಪಾಸ್‌ಪೋರ್ಟ್ ಸಾಲಿನ ವಿಷಯ ಹೇಳಿದಳು.

"ಅದು ನನ್ನಕ್ಕನ ಜಾಗ," ಎಂದ ಓಸ್ನಿಯೆಲ್. "ಕೈಗೂಸು ಕಟ್ಕೊಂಡು ಅಷ್ಟು ಹೊತ್ತು ನಿಲ್ಲೋಕೆ ಆಗಲ್ಲ ಅವಳಿಗೆ. ಭಾವ ಚಿಲಿಯಲ್ಲಿದ್ದಾರೆ. ಅಲ್ಲಿಗೆ ಹೋಗ್ತಿದ್ದಾಳೆ."

"ಮತ್ತೆ ನೀವು ಇಂಗ್ಲಿಷ್ ಯಾಕೆ ಕಲೀತಿದೀರಿ?"

"ನೀವು ಕಲಿಸ್ತೀರಿ ಅಂತ."

ಅವಳ ಕೈಯ ಅಕ್ಕಿ ನೆಲಕ್ಕೆ ಚೆಲ್ಲಿತು. ಅವನು ಕೂತು ಒಂದೊಂದೇ ಕಾಳು ಹೆಕ್ಕತೊಡಗಿದ.

"ಅಕ್ಕ ಕರೆದ್ರೆ ನೀನೂ ಹೋಗ್ತೀಯಾ?" ಕೇಳುವಾಗ ಅವಳಿಗೇ ಅರಿವಿಲ್ಲದೆ 'ನೀನು' ಬಂದಿತ್ತು.

"ಈಗ್ಲೇ ಕರೀತಿದ್ದಾಳೆ." ಅವನು ತಲೆ ಎತ್ತಲಿಲ್ಲ. "ಎಂದೂ ಹೋಗಲ್ಲ ಅಂತ ಮಾತು ಕೊಡೋಕೆ ಭಯ ಆಗತ್ತೆ, ಒಡಾಲ್ಮಿಸ್. ಇಲ್ಲಿ ಯಾರ ಕೈಲಿ ಏನಿದೆ? ನಿನ್ನ ಬಿಟ್ಟು ಹೋಗೋದು ನೆನೆಸ್ಕೊಂಡ್ರೆ ಅದಕ್ಕಿಂತ ಭಯ ಆಗತ್ತೆ. ನಂಗೆ ನೀನು ಬೇಕು. ಅಷ್ಟು ಮಾತ್ರ ಗೊತ್ತು."

ಅವಳು ಅತ್ತುಬಿಟ್ಟಳು. ಅವನು ಸುಳ್ಳು ಮಾತು ಕೊಡಲಿಲ್ಲವೆಂದು ಸಮಾಧಾನವಾಯಿತು, ನಿಜದ ಮಾತೂ ಕೊಡಲಾರನಲ್ಲ ಎಂದು ಸಂಕಟವಾಯಿತು. ಆಮೇಲೆ ಕಣ್ಣೊರೆಸಿಕೊಂಡಳು.

"ನಾಳೆ ಊಟಕ್ಕೆ ಬಾ. ಅನ್ನ, ಕಪ್ಪು ಬೀನ್ಸ್ ಮಾಡ್ತೀನಿ."

"ಎಷ್ಟು ಹೊತ್ತಿಗೆ?"

"ಕರೆಂಟ್ ಬಂದ್ರೆ ತಾನೇ ಒಲೆ ಹೊತ್ತೋದು? ಯಾವಾಗ ಬರತ್ತೋ ಗೊತ್ತಿಲ್ಲ."

"ಹಾಗಾದ್ರೆ ಬೆಳಿಗ್ಗೇನೇ ಬಂದ್ಬಿಡ್ತೀನಿ."